ಡಿಪೋದ ಕೆಂಪು

ಮೂರ್ಮನ್ಸ್ಕ್‌ನಲ್ಲಿ ಡಿಸೆಂಬರ್ ಎಂದರೆ
ಮಧ್ಯಾಹ್ನ ಹನ್ನೆರಡಕ್ಕೆ ಆಕಾಶ ಒಮ್ಮೆ ನೀಲಿಯಾಗಿ ಕೆಮ್ಮಿ
ಮತ್ತೆ ಮುಸುಕೆಳೆದು ಮಲಗುತ್ತದೆ.
ಸೂರ್ಯನಿಗೆ ರಜೆ.
ಟ್ರಾಲಿಬಸ್ಸಿಗಿಲ್ಲ, ಅದರ ಕಂಡಕ್ಟರ್ ನನಗೂ ಇಲ್ಲ.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ
ಬೂಟು ಒಣಗಿಸುವ ರೇಡಿಯೇಟರಿನಿಂದ ಎರಡು ಮಾರು ದೂರ,
ಅರವತ್ತು ಲೀಟರಿನ ಒಂದು ಗಾಜಿನ ತೊಟ್ಟಿ.
ಅಳೆದು ಇಟ್ಟವಳು ಕಪಿಟೋಲಿನಾ,
ನನ್ನ ಬಸ್ಸಿನ ಚಾಲಕಿ.

ಗಿಡ ಬಂದದ್ದು ಥರ್ಮಾಸಿನಲ್ಲಿ.
ಹಡಗಿನ ಅಡುಗೆಯವನೊಬ್ಬ ಒದ್ದೆ ಪತ್ರಿಕೆಯಲ್ಲಿ ಸುತ್ತಿ
ಮೈನಸ್ ಇಪ್ಪತ್ತೇಳರಲ್ಲಿ ಎದೆಗವಚಿ ತಂದ
ಐದು ಕಡ್ಡಿ ಲುಡ್ವಿಗಿಯಾ.
ಒಂದೆಲೆಯ ಬೆನ್ನಿಗೆ ಹವಾಮಾನದ ಅಂಕಣ ಅಂಟಿತ್ತು.
ಬಿಡಿಸಿ ನೋಡಿದರೆ ಆ ಬೆನ್ನು
ನಮ್ಮ ಕ್ಯಾಂಟೀನಿನ ಬೀಟ್‌ರೂಟ್ ಸಾರಿನ ಬಣ್ಣ.

ಚಿಮುಟದಲ್ಲಿ ಒಂದೊಂದೇ ಕಡ್ಡಿ ಹಿಡಿದು
ಮರಳಿಗೆ ಓರೆಯಾಗಿ ಚುಚ್ಚಿದಳು.
ಮೂರು ನಿಂತವು, ಎರಡು ತೇಲಿದವು.
ಮತ್ತೆ ಚುಚ್ಚಿದಳು. ಮತ್ತೆ ತೇಲಿದವು.
ಬಸ್ಸಿನ ಕೋಲು ತಂತಿಯಿಂದ ಜಾರಿದಾಗ
ಬೀದಿಗೆಲ್ಲ ಕೇಳುವಂತೆ ಬೈಯುವ ಬೈಗುಳವನ್ನೇ
ಇಲ್ಲಿ ಪಿಸುಗುಟ್ಟಿದಳು.

ಆಮೇಲೆ ಸಕ್ಕರೆ, ಯೀಸ್ಟು, ಬಾಟಲಿ, ಸಣ್ಣದೊಂದು ಕೊಳವೆ.
ನಮಗೆಲ್ಲ ಬಲು ಸಂತೋಷ.
"ಎಷ್ಟು ದಿನಕ್ಕೆ ಹದಕ್ಕೆ ಬರುತ್ತೆ, ಕಾಪಾ?"
ಫಡೇಯ್ ಲೋಟ ತೊಳೆದು ತಂದೇಬಿಟ್ಟ.
"ಇದು ಗಿಡದ ಉಸಿರು ಕಣಯ್ಯಾ" ಎಂದಳು.
ಗುಳ್ಳೆಗಳು ಸಾಲಾಗಿ ಮೇಲೇರಿ ಒಡೆಯುವುದನ್ನು
ಅವನು ಬಹಳ ಹೊತ್ತು
ದುಃಖದಿಂದ ನೋಡಿದ.

ನಾವೂ ಸುಮ್ಮನಿರಲಿಲ್ಲ. ಪ್ರೀತಿ ಬಂದಿತ್ತಲ್ಲ,
ಬಂದವರೆಲ್ಲ ಮೀನಿಗೊಂದು ಚಿಟಿಕೆ, ಗಿಡಕ್ಕೊಂದು ಮುಚ್ಚಳ ಗೊಬ್ಬರ,
ಪಾಳಿ ಹಿಡಿಯುವಾಗ ಒಂದು, ಬಿಡುವಾಗ ಒಂದು.
ಹೊಸ ವರ್ಷದ ಹೊತ್ತಿಗೆ ಗಿಡ ಕೊಬ್ಬಿ
ಹಸಿರಾಯಿತು, ಬರೀ ಹಸಿರು,
ಕಚೇರಿ ಗೋಡೆಯ ಹಾಗೆ.
ಎಲೆಯಂಚಿಗೆಲ್ಲ ಪಾಚಿಯ ಗಡ್ಡ.

ಗೊಬ್ಬರದ ಶೀಸೆ ಅವಳ ಲಾಕರು ಸೇರಿತು, ಬೀಗ ಬಿತ್ತು.
ವಾರಕ್ಕೆರಡು ಸಲ ಅರ್ಧ ನೀರು ಚೆಲ್ಲಿ ಅರ್ಧ ತುಂಬಿದಳು,
ಬೆಚ್ಚಗಿದೆಯೇ ಎಂದು ಮೊಣಕೈಯದ್ದಿ,
ಕೂಸಿನ ಸ್ನಾನಕ್ಕೆ ನೋಡುವ ಹಾಗೆ.
ಕಬ್ಬಿಣದ ಹನಿ ಎಣಿಸಿ ಮೂರು.
ದೀಪ ಎಂಟಕ್ಕೆ ಹತ್ತಿ ನಾಲ್ಕಕ್ಕೆ ಆರಬೇಕು.
"ಹೊಟ್ಟೆ ತುಂಬಿದರೆ ಇದು ಹಸಿರು.
ಬೆಳಕು ಬೇಕಾದಷ್ಟು, ಊಟ ಅಷ್ಟಕ್ಕಷ್ಟೆ,
ಆಗ ಕೆಂಪು."
ಫಡೇಯ್ ತನ್ನ ಹೊಟ್ಟೆ ನೋಡಿಕೊಂಡ.
ನನಗೆ ಯಾಕೋ ತಮ್ಮ ನೆನಪಾದ,
ಅಮ್ಮ ಅವನ ತಟ್ಟೆಗೆ ಎರಡೆರಡು ಸಲ ಬಡಿಸುತ್ತಿದ್ದಳು.

ಹಗಲೇ ಇಲ್ಲದ ಊರಿನಲ್ಲಿ
ಎಂಟು ಗಂಟೆಯ ಹಗಲು ಆ ತೊಟ್ಟಿಗೊಂದೇ.
ಟೈಮರ್ ಟಕ್ ಎಂದರೆ
ಡಾಮಿನೋ ಆಡುವವರೂ ತಲೆಯೆತ್ತಿ
"ಸಂಜೆಯಾಯ್ತು" ಎನ್ನುವರು.
ಎಲೆಗಳು ಆಗಲೇ ತುದಿಗೆ ಮಡಚಿಕೊಂಡಿರುತ್ತಿದ್ದವು,
ನಮಗಿಂತ ಒಂದು ಗಳಿಗೆ ಮೊದಲು.

ಜನವರಿ ಮುಗಿಯುತ್ತ, ಸೂರ್ಯ ಮರಳುವ ದಿನ
ಊರೆಲ್ಲ ಗುಡ್ಡ ಹತ್ತಿತು.
ಮೋಡ.
ಇಳಿದು ಬಂದು ಬೂಟಿನ ಹಿಮ ಕೊಡವುತ್ತ ಬಾಗಿಲು ತೆರೆದರೆ
ಕಪಿಟೋಲಿನಾ ತೋಳೇರಿಸಿ ನೀರಿನೊಳಗೆ ಕತ್ತರಿ ಆಡಿಸುತ್ತಿದ್ದಾಳೆ.
ಕೆಂಪು ಮರಳಿ ಬಂದಿದೆ. ಹೇಗೆ ಹೇಳಲಿ,
ಹಿಮದಲ್ಲಿ ಆಡಿ ಬಂದ ಮಗುವಿನ ಕಿವಿಯ ಕೆಂಪು.

"ಈಗಷ್ಟೇ ಬಂತು, ಕತ್ತರಿಸ್ತೀಯಾ?"
"ಮೋಟು ಎರಡು ಕವಲೊಡೆಯುತ್ತೆ, ತುದಿ ಬೇರು ಬಿಡುತ್ತೆ.
ಸುಮ್ಮನೆ ಬಿಟ್ಟರೆ ನೀರು ದಾಟಿ ತಲೆ ಹೊರಹಾಕಿ
ಬಣ್ಣ ಮರೆಯುತ್ತೆ."

ಜ್ಯಾಮಿನ ಶೀಸೆಗೊಂದು ತುದಿ.
ಹಳೇ ಟಿಕೆಟ್ಟಿನ ಬೆನ್ನಿಗೆ ನಮ್ಮ ಹೆಸರು ಬರೆದು ಅಂಟಿಸಿ
ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.
ಫಡೇಯ್ ಎರಡು ಕೇಳಿದ. ಕೊಡಲಿಲ್ಲ.

ನನ್ನ ಶೀಸೆಯನ್ನು ಕೋಟಿನೊಳಗೆ ಇಟ್ಟುಕೊಂಡು
ಏಳು ಮಹಡಿ ಹತ್ತಿದೆ, ಲಿಫ್ಟ್ ಕೆಟ್ಟಿತ್ತು.
ಅಡುಗೆಮನೆಯ ದೀಪ ಹಾಕಿ ನೋಡಿದರೆ
ಎಲೆಯಡಿಗೆ ಸಾಸಿವೆಯಷ್ಟು ಒಂದು ಬಸವನಹುಳು,
ಡಿಪೋದಿಂದ ಇಲ್ಲಿಯ ತನಕ
ಟಿಕೆಟ್ಟಿಲ್ಲದೆ.